ಮುಖ ಬರೆಯಲು ಕಲಿಯಬೇಕಾ? ಹುವಾನ್ ದೆ ಪರೇಹಾನನ್ನು ನಕಲು ಮಾಡಿ

ಆಯಿಲ್ ಪೇಂಟಿಂಗಲ್ಲಿ ಮುಖ ಬರೆಯಲು ಹೊರಟವರಿಗೆ ಮೊದಲು ಸಿಗುವುದು 'ಸ್ಕಿನ್ ಕಲರ್' ಸೂತ್ರ. ಬಿಳಿಗೆ ಇಷ್ಟು ಕೆಂಪು, ಇಷ್ಟು ಹಳದಿ. ಈ ಸೂತ್ರಗಳು ಹೆಚ್ಚಾಗಿ ಗುಲಾಬಿ ಮೈಬಣ್ಣಕ್ಕೆ ಮಾಡಿದವು. ಅದನ್ನೇ ಹಿಡಿದುಕೊಂಡು ಮನೆಯ ಅಜ್ಜನನ್ನೋ ಮೀನು ಮಾರ್ಕೆಟಿನ ಅಕ್ಕನನ್ನೋ ಬರೆಯಲು ಹೋದರೆ ಮುಖ ಬೂದಿಯಾಗುತ್ತದೆ, ಸರಿಮಾಡೋಣ ಅಂತ ಕಂದು ಸೇರಿಸಿದರೆ ಕೆಸರಾಗುತ್ತದೆ, ಕೊನೆಗೆ "ನಮ್ಮವರ ಬಣ್ಣ ಬರೆಯುವುದು ಕಷ್ಟ" ಅಂತ ಹೇಳಿ ಬ್ರಷ್ ಎತ್ತಿಡುತ್ತಾರೆ. ಕಷ್ಟ ಅಂತ ಏನೂ ಇಲ್ಲ. ಕಲಿಯಲು ಸರಿಯಾದ ಮುಖ ಆರಿಸಿಕೊಳ್ಳಬೇಕು, ಅಷ್ಟೆ.

ನನ್ನ ಪ್ರಕಾರ ಆ ಮುಖ ಹುವಾನ್ ದೆ ಪರೇಹಾನದ್ದು. ಸ್ಪೇನಿನ ಡಿಯೇಗೊ ವೆಲಾಸ್ಕೆಸ್ 1650ರಲ್ಲಿ ರೋಮಿನಲ್ಲಿದ್ದಾಗ ಬರೆದ ಚಿತ್ರ. ಪರೇಹಾ ಆಗ ಅವನ ಗುಲಾಮ, ಅವನ ಸ್ಟುಡಿಯೋದಲ್ಲೇ ಕೆಲಸ ಮಾಡುತ್ತಿದ್ದವನು. ಪೋಪ್ ಹತ್ತನೇ ಇನ್ನೊಸೆಂಟರ ಚಿತ್ರ ಬರೆಯುವ ಮೊದಲು ಕೈ ಪಳಗಿಸಿಕೊಳ್ಳಲು ವೆಲಾಸ್ಕೆಸ್ ಇವನನ್ನು ಕೂರಿಸಿ ಬರೆದ ಅಂತ ಹಳೆಯ ಬರಹಗಳು ಹೇಳುತ್ತವೆ. ಆ ವರ್ಷದ ಮಾರ್ಚಿನಲ್ಲಿ ರೋಮಿನ ಪ್ಯಾಂಥಿಯನ್ನಿನಲ್ಲಿ ಇದನ್ನು ಪ್ರದರ್ಶನಕ್ಕೆ ಇಟ್ಟಿದ್ದರು. ಅದೇ ವರ್ಷ ಪರೇಹಾನ ಬಿಡುಗಡೆಯ ಪತ್ರಕ್ಕೆ ಸಹಿ ಬಿತ್ತು. ಮುಂದೆ ಅವನೇ ಚಿತ್ರಕಾರನಾದ. ಅವನು 1661ರಲ್ಲಿ ಬರೆದ ಸಂತ ಮತ್ತಾಯನ ದೊಡ್ಡ ಚಿತ್ರ ಮ್ಯಾಡ್ರಿಡಿನ ಪ್ರಾಡೊ ಮ್ಯೂಸಿಯಂನಲ್ಲಿ ಉಂಟು, ಅದರಲ್ಲಿ ಒಂದು ಬದಿಗೆ ತನ್ನನ್ನೂ ನಿಲ್ಲಿಸಿಕೊಂಡಿದ್ದಾನೆ.

ಕಥೆ ಒಳ್ಳೆಯದು ಅನ್ನುವ ಒಂದೇ ಕಾರಣಕ್ಕೆ ನಾನು ಈ ಚಿತ್ರ ಹೇಳುತ್ತಿಲ್ಲ. ಇದರಲ್ಲಿ ಇರುವುದು ಕಂದು ಮೈಬಣ್ಣ. ಗಾಢ ಹಸಿರುಬೂದು ಬಟ್ಟೆ, ಏನೂ ಇಲ್ಲದ ಬೂದು ಹಿನ್ನೆಲೆ, ಅಗಲವಾದ ಬಿಳಿ ಲೇಸ್ ಕಾಲರ್. ಆ ಕಾಲರಿನ ಪಕ್ಕದಲ್ಲಿ ಮುಖ ಎಷ್ಟು ಗಾಢ, ಅದರಲ್ಲಿ ಎಷ್ಟು ಬಗೆಯ ಬಣ್ಣ ಉಂಟು ಅನ್ನುವುದು ಚೆನ್ನಾಗಿ ತಿಳಿಯುತ್ತದೆ. ಆರೇ ಬಣ್ಣದಲ್ಲಿ ಇಡೀ ಚಿತ್ರ ಮುಗಿಸಬಹುದು. ಕಲಿಯುವವರಿಗೆ ಇದಕ್ಕಿಂತ ಬೇರೆ ಏನು ಬೇಕು?

ಡಚ್ ಚಿತ್ರಕಾರ ವರ್ಮೀರನ ಮುತ್ತಿನ ಓಲೆಯ ಹುಡುಗಿಯನ್ನು ಮೊದಲ ನಕಲಿಗೆ ತೆಗೆದುಕೊಳ್ಳಬೇಡಿ ಅಂತ ಮಾತ್ರ ಹೇಳುತ್ತೇನೆ. ಎಲ್ಲರೂ ಅದಕ್ಕೇ ಕೈ ಹಾಕುತ್ತಾರೆ. ಅದರ ಕೆನ್ನೆಯಲ್ಲಿ ಬೆಳಕು ನೆರಳಿಗೆ ಜಾರುವುದು ಅಷ್ಟು ನಯ, ಹೊಸಬರ ಕೈಯಲ್ಲಿ ಅದು ಪ್ಲಾಸ್ಟಿಕ್ ಗೊಂಬೆಯಾಗುತ್ತದೆ. ವೆಲಾಸ್ಕೆಸನ ಬ್ರಷ್ ಗುರುತು ಕಣ್ಣಿಗೆ ಕಾಣುತ್ತದೆ, ಹಾಗಾಗಿ ಅವನು ಏನು ಮಾಡಿದ ಅಂತ ಊಹಿಸಬಹುದು. ನಕಲು ಮಾಡುವುದರಲ್ಲಿ ನಾಚಿಕೆಯೂ ಬೇಡ. ರೂಬೆನ್ಸ್ 1628-29ರಲ್ಲಿ ಮ್ಯಾಡ್ರಿಡಿಗೆ ಬಂದಾಗ ದೊಡ್ಡ ಹೆಸರಿನ ಚಿತ್ರಕಾರ, ಐವತ್ತು ದಾಟಿದವನು. ಆಗಲೂ ಅರಮನೆಯಲ್ಲಿದ್ದ, ಇಟಲಿಯ ಹಳೆಯ ಚಿತ್ರಕಾರ ಟಿಷಿಯನ್ನನ ಚಿತ್ರಗಳನ್ನು ಕೂತು ನಕಲು ಮಾಡಿದ. ಅದೇ ಅರಮನೆಯಲ್ಲಿ ವೆಲಾಸ್ಕೆಸ್ ಆಗ ಕೆಲಸಕ್ಕಿದ್ದ.

ಚಿತ್ರ ತರಿಸಿಕೊಳ್ಳುವುದು

ಮೂಲ ಇರುವುದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ, 1971ರಿಂದ. ಅಳತೆ 81.3 × 69.9 ಸೆಂ.ಮೀ. ಆ ಮ್ಯೂಸಿಯಂನವರು ಹಕ್ಕಿನ ಗೊಡವೆ ಇಲ್ಲದ ಚಿತ್ರಗಳನ್ನೆಲ್ಲ 2017ರಿಂದ ದೊಡ್ಡ ಸೈಜಿನಲ್ಲೇ ಉಚಿತವಾಗಿ ಕೊಡುತ್ತಿದ್ದಾರೆ. ಅಲ್ಲಿಂದಲೇ ಇಳಿಸಿಕೊಳ್ಳಿ. ವಾಟ್ಸಾಪಲ್ಲಿ ಬಂದದ್ದು, ಗೂಗಲಲ್ಲಿ ಮೊದಲು ಸಿಕ್ಕಿದ್ದು ಬೇಡ, ಒಂದೊಂದರಲ್ಲಿ ಒಂದೊಂದು ಬಣ್ಣ ಇರುತ್ತದೆ.

ಇಡೀ ಚಿತ್ರ ಬೇಡ. ತಲೆ ಮತ್ತು ಕಾಲರ್ ಬರುವ ಹಾಗೆ 3:4 ಅಳತೆಗೆ ಕತ್ತರಿಸಿ. ಫೋಟೋ ಸ್ಟುಡಿಯೋದಲ್ಲಿ ಎರಡು ಪ್ರಿಂಟ್ ಹಾಕಿಸಿ, 7.5 × 10 ಇಂಚಿನದ್ದು, ಒಂದು ಬಣ್ಣದ್ದು, ಒಂದು ಕಪ್ಪುಬಿಳುಪು. ಮ್ಯಾಟ್ ಪೇಪರ್ ಕೇಳಿ, ಗ್ಲಾಸಿಯಲ್ಲಿ ಕಿಟಕಿ ಹೊಳೆಯುತ್ತದೆ. ಟ್ಯಾಬ್ ಇದ್ದರೆ ಹತ್ತಿರದಿಂದ ಬ್ರಷ್ ಗುರುತು ನೋಡಲು ಇಟ್ಟುಕೊಳ್ಳಿ. ಬಣ್ಣ ಹೋಲಿಸಲು ಮಾತ್ರ ಪ್ರಿಂಟನ್ನೇ ನೋಡಿ, ಯಾಕೆಂದರೆ ಸ್ಕ್ರೀನ್ ತಾನೇ ಬೆಳಕು ಕೊಡುತ್ತದೆ, ನಿಮ್ಮ ಬಣ್ಣ ಕೊಡುವುದಿಲ್ಲ. ಸ್ಕ್ರೀನಿನ ಜೊತೆ ಪೈಪೋಟಿಗೆ ಇಳಿದರೆ ಬಿಳಿ ಸುರಿಯುತ್ತಾ ಹೋಗುತ್ತೀರಿ.

ಸಾಮಾನು

ಬಣ್ಣ ಆರು ಸಾಕು: ಟೈಟೇನಿಯಂ ವೈಟ್, ಯೆಲ್ಲೋ ಓಕರ್ (ಮಣ್ಣಿನ ಹಳದಿ), ವರ್ಮಿಲಿಯನ್ ಹ್ಯೂ (ಕಿತ್ತಳೆಗೆಂಪು), ಬರ್ನ್ಟ್ ಸಿಯೆನ್ನಾ (ಕೆಂಪುಕಂದು), ರಾ ಅಂಬರ್ (ಗಾಢ ಕಂದು), ಐವರಿ ಬ್ಲ್ಯಾಕ್ (ಕಪ್ಪು). ಕ್ಯಾಮೆಲ್ ಕಂಪನಿಯ ಟ್ಯೂಬ್ ಮಂಗಳೂರಿನ ಹಂಪನಕಟ್ಟೆ ಸುತ್ತಿನ ದೊಡ್ಡ ಸ್ಟೇಷನರಿ ಅಂಗಡಿಗಳಲ್ಲಿ ಕೇಳಿ, ಉಡುಪಿಯಲ್ಲೂ ಕಷ್ಟ ಇಲ್ಲ. ಬಿಳಿಯದ್ದು ದೊಡ್ಡ ಟ್ಯೂಬ್ ತನ್ನಿ. ಹನ್ನೆರಡು ಬಣ್ಣದ ಡಬ್ಬಿ ಬೇಡವೇ ಬೇಡ, ಅದರಲ್ಲಿ ಈ ಕೆಲಸಕ್ಕೆ ಬೇಡದ ನೀಲಿ ಹಸಿರೇ ಜಾಸ್ತಿ. ವೆಲಾಸ್ಕೆಸ್ ಬಳಸುತ್ತಿದ್ದದ್ದು ಸೀಸದ ಬಿಳಿ, ಅದು ವಿಷ, ಅದರ ಗೊಡವೆ ನಮಗೆ ಬೇಡ. ಟೈಟೇನಿಯಂ ಬಿಳಿ 20ನೇ ಶತಮಾನದಲ್ಲಿ ಬಂದದ್ದು, ತುಂಬಾ ಬಲವಾದ ಬಣ್ಣ. ಅಂದಾಜಿಗಿಂತ ಕಡಿಮೆ ಹಾಕಿ.

ಬ್ರಷ್: ಹಂದಿಕೂದಲಿನದ್ದು, ತುದಿ ದುಂಡಗಿರುವ ಫಿಲ್ಬರ್ಟ್, 4, 6, 8 ನಂಬರ್. ಮೆತ್ತಗಿನ ರೌಂಡ್ ಒಂದು, 2 ನಂಬರ್. ಬಣ್ಣ ಕಲಸಲು ಒಂದು ಪ್ಯಾಲೆಟ್ ನೈಫ್. ಹಳೆ ಕಾಟನ್ ಬಟ್ಟೆ, ಬೇಕಾದಷ್ಟು. ಪ್ಯಾಲೆಟ್‌ಗೆ (ಬಣ್ಣ ಕಲಸುವ ಹಲಗೆ) ಗ್ಲಾಸ್ ಅಂಗಡಿಯಲ್ಲಿ ಅಂಚು ಉಜ್ಜಿಸಿದ ಗಾಜಿನ ತುಂಡು ತೆಗೆದುಕೊಂಡು ಅಡಿಗೆ ಕಂದು ಕಾಗದ ಅಂಟಿಸಿ. ಬಿಳಿ ಪ್ಯಾಲೆಟ್ ಮೇಲೆ ಎಲ್ಲಾ ಬಣ್ಣ ಗಾಢವಾಗಿ ಕಾಣುತ್ತದೆ, ಕಂದು ಮೇಲೆ ಮಾತ್ರ ಅದರ ನಿಜ ಗೊತ್ತಾಗುತ್ತದೆ.

ಎಣ್ಣೆ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಬೇಕಾದದ್ದು ಆರ್ಟಿಸ್ಟ್‌ಗಳಿಗೆ ಮಾರುವ ರಿಫೈನ್ಡ್ ಲಿನ್ಸೀಡ್ ಆಯಿಲ್, ಅಂದರೆ ಅಗಸೆ ಎಣ್ಣೆ, ಮತ್ತು ಒಂದು ಬಾಟಲಿ ಟರ್ಪೆಂಟೈನ್. ಹಾರ್ಡ್‌ವೇರ್ ಅಂಗಡಿಯ ಬಾಯ್ಲ್ಡ್ ಲಿನ್ಸೀಡ್ ಬೇಡ, ಅದು ಬಾಗಿಲಿಗೆ ಹಚ್ಚಲು, ಕ್ರಮೇಣ ಕಪ್ಪಾಗುತ್ತದೆ. ನಮ್ಮ ಕಡೆ ಮನೆಮನೆಯಲ್ಲೂ ತೆಂಗಿನೆಣ್ಣೆ ಇರುತ್ತದೆ ಅಲ್ವಾ, ಅದನ್ನು ಬಣ್ಣಕ್ಕೆ ಬೆರೆಸಲೇಬಾರದು. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿ ಪದರವಾಗುತ್ತದೆ. ತೆಂಗಿನೆಣ್ಣೆ ಹಾಗಾಗುವುದೇ ಇಲ್ಲ, ವರ್ಷ ಕಳೆದರೂ ಚಿತ್ರ ಕೈಗೆ ಅಂಟುತ್ತದೆ. ಕೆಲಸ ಮುಗಿದ ಮೇಲೆ ಬ್ರಷ್ ತೊಳೆಯಲು ಮಾತ್ರ ಅದು ಒಳ್ಳೆಯದು. ಬ್ರಷ್‌ಗೆ ಎಣ್ಣೆ ಹಾಕಿ ಹಿಸುಕಿ, ಬಟ್ಟೆಯಲ್ಲಿ ಒರೆಸಿ, ಆಮೇಲೆ ಬಟ್ಟೆ ಸೋಪಿನಲ್ಲಿ ನೊರೆ ಬಿಳಿಯಾಗುವವರೆಗೆ ತೊಳೆಯಿರಿ. ಒಂದು ಹನಿ ಎಣ್ಣೆಯೂ ಉಳಿಯಬಾರದು.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಬಿಸಿ ಹೊರಗೆ ಹೋಗಲಾಗದೆ ತಾನಾಗಿ ಬೆಂಕಿ ಹಿಡಿಯಬಹುದು. ಮುಚ್ಚಳ ಇರುವ ತಗಡಿನ ಡಬ್ಬಿಯಲ್ಲಿ ನೀರು ತುಂಬಿಸಿ ಬಟ್ಟೆ ಅದರೊಳಗೆ ಹಾಕಿ. ಮಳೆಗಾಲದಲ್ಲಿ ಕಿಟಕಿ ಬಾಗಿಲೆಲ್ಲ ಮುಚ್ಚಿ ಕೂರುವ ಅಭ್ಯಾಸ ನಮ್ಮದು, ಟರ್ಪೆಂಟೈನ್ ತೆರೆದಿರುವಾಗ ಒಂದು ಕಿಟಕಿಯಾದರೂ ತೆರೆದಿರಲಿ.

ಕರಾವಳಿಯ ಹವೆಗೆ ತಕ್ಕ ಹಲಗೆ

ಕ್ಯಾನ್ವಾಸ್ ಬಟ್ಟೆ ಇಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಸಡಿಲಾಗುತ್ತದೆ, ಹಿಂಬದಿಗೆ ಬೂಷ್ಟು ಹಿಡಿಯುತ್ತದೆ. ಮೊದಲ ಚಿತ್ರಕ್ಕೆ 6 ಎಂ.ಎಂ. ಎಂ.ಡಿ.ಎಫ್. ಹಲಗೆ, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ, ಒಳ್ಳೆಯದು. ಪ್ಲೈವುಡ್ ಅಂಗಡಿಯಲ್ಲಿ 12 × 16 ಇಂಚಿಗೆ ಕೊಯ್ಯಿಸಿ. ಎದುರಿಗೆ, ಹಿಂದಕ್ಕೆ, ನಾಲ್ಕು ಅಂಚಿಗೂ ಗೆಸ್ಸೊ (ಚಿತ್ರದ ಅಡಿಗೆ ಹಚ್ಚುವ ಬಿಳಿ ಪ್ರೈಮರ್) ಬಳಿಯಿರಿ. ಎದುರಿಗೆ ಮಾತ್ರ ಬಳಿದರೆ ಹಿಂಬದಿಯಿಂದ ತೇವ ಕುಡಿದು ಹಲಗೆ ಬಾಗುತ್ತದೆ, ಅಂಚು ಉಬ್ಬುತ್ತದೆ. ಎದುರಿಗೆ ಮೂರು ಕೋಟ್, ಒಂದೊಂದು ಒಣಗಿದ ಮೇಲೆ ಸಣ್ಣ ಮರಳುಕಾಗದದಲ್ಲಿ ಉಜ್ಜಿ.

ಆರಂಭಿಸಲು ಒಳ್ಳೆಯ ಕಾಲ ಡಿಸೆಂಬರಿನಿಂದ ಫೆಬ್ರವರಿ. ಗಾಳಿ ಒಣ, ಪದರ ಬೇಗ ಒಣಗುತ್ತದೆ. ಬೆಳಕಿನ ಮಟ್ಟಿಗೆ ಮಾತ್ರ ಮಳೆಗಾಲವೇ ರಾಜ: ಇಡೀ ದಿನ ಒಂದೇ ಸಮನಾದ ಮೋಡದ ಬೆಳಕು, ಅಂಥದ್ದು ಬೇರೆ ಯಾವ ಕಾಲದಲ್ಲೂ ಸಿಗುವುದಿಲ್ಲ. ಪುಸ್ತಕಗಳಲ್ಲೆಲ್ಲ ಉತ್ತರದ ಕಿಟಕಿಯ ಹತ್ತಿರ ಕೂತುಕೊಳ್ಳಿ ಅಂತ ಇರುತ್ತದೆ, ಅದು ಯುರೋಪಿನ ಮಾತು, ಅಲ್ಲಿ ಉತ್ತರದ ಕಿಟಕಿಗೆ ಬಿಸಿಲು ಬೀಳುವುದು ಅಪರೂಪ. ಮಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದ ಹತ್ತಿರ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಹಾಗಾಗಿ ಮೇ ತಿಂಗಳಲ್ಲಿ ಉತ್ತರದ ಕಿಟಕಿಗೂ ಬಿಸಿಲು ಬರುತ್ತದೆ. ಒಂದು ಬಿಳಿ ಪಂಚೆ ಅಡ್ಡ ಕಟ್ಟಿ, ಸಾಕು. ರಾತ್ರಿ ಹಳದಿ ಬಲ್ಬಿನ ಕೆಳಗೆ ಬಣ್ಣ ಕಲಸಬೇಡಿ.

ಬಣ್ಣ ಹಚ್ಚುವ ಮೊದಲು

ಬಿಳಿ ಹಲಗೆ ಮೇಲೆ ಶುರು ಮಾಡಬಾರದು. ರಾ ಅಂಬರನ್ನು ಟರ್ಪೆಂಟೈನಲ್ಲಿ ತೆಳ್ಳಗೆ ಮಾಡಿ ಇಡೀ ಹಲಗೆಗೆ ಬಳಿದು ಬಟ್ಟೆಯಲ್ಲಿ ಒರೆಸಿ. ಉಳಿಯುವುದು ತೆಳು ಕಂದುಬೂದು, ಮುಖದ ನಡುವಣ ಛಾಯೆಗೆ ಹತ್ತಿರ. ಕಪ್ಪು ಬೇಡ, ಅಂಬರೇ ಬೇಕು. ಅಂಬರಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ ಒಣಗುತ್ತದೆ, ಐವರಿ ಬ್ಲ್ಯಾಕ್ ನಿಧಾನ. ನಿಧಾನ ಒಣಗುವ ಪದರದ ಮೇಲೆ ಬೇಗ ಒಣಗುವ ಪದರ ಬಂದರೆ ಮುಂದೆ ಬಿರುಕು ಬಿಡುತ್ತದೆ. ಚಳಿಗಾಲದಲ್ಲಿ ಇದು ಒಂದೆರಡು ದಿನದಲ್ಲಿ ಒಣಗುತ್ತದೆ, ಮಳೆಗಾಲದಲ್ಲಿ ವಾರವೂ ಹಿಡಿಯಬಹುದು. ಬೆರಳಿಗೆ ಅಂಟಬಾರದು, ಅದೇ ಲೆಕ್ಕ.

ಪ್ರಿಂಟಿನ ಮೇಲೆ 2.5 ಇಂಚಿನ ಚೌಕ ಎಳೆಯಿರಿ, ಅಡ್ಡಕ್ಕೆ ಮೂರು, ಉದ್ದಕ್ಕೆ ನಾಲ್ಕು. ಹಲಗೆಯ ಮೇಲೆ 4 ಇಂಚಿನ ಚೌಕ. ಮುಖ ಬರುವ ಚೌಕಗಳನ್ನು ಮತ್ತೆ ನಾಲ್ಕು ಮಾಡಿ. ಇದ್ದಿಲಿನಲ್ಲಿ ಬರೆಯಿರಿ. ಮೊದಲು ಕಣ್ಣು ಬರೆಯುವ ಆಸೆ ಎಲ್ಲರಿಗೂ ಇರುತ್ತದೆ, ತಡೆದುಕೊಳ್ಳಿ. ತಲೆಯ ಹೊರಗೆರೆ, ಕಾಲರಿನ ಮೇಲಂಚು, ಹುಬ್ಬಿನ ಗೆರೆಯ ಓರೆ, ಮೂಗಿನ ಬುಡ, ಇವು ಸರಿಯಾದ ಜಾಗಕ್ಕೆ ಬಂದರೆ ಕಣ್ಣು ತಾನಾಗಿ ಕೂರುತ್ತದೆ. ಪರೇಹಾ ಓರೆಯಾಗಿ ನಿಂತು ನಮ್ಮನ್ನು ನೋಡುತ್ತಿದ್ದಾನೆ, ಹಾಗಾಗಿ ಎರಡು ಕಣ್ಣೂ ಒಂದೇ ಅಗಲ ಇರುವುದಿಲ್ಲ, ಬಾಯಿಯ ಎರಡು ಅರ್ಧವೂ ಒಂದೇ ಅಲ್ಲ. ಹೊಸಬರ ಕೈ ಗೊತ್ತಿಲ್ಲದೆಯೇ ಅವನ್ನು ಸಮ ಮಾಡಿಬಿಡುತ್ತದೆ. ಚಿತ್ರಕ್ಕೆ ಬೆನ್ನು ಹಾಕಿ ನಿಂತು ಕೈಗನ್ನಡಿಯಲ್ಲಿ ಚಿತ್ರ ಮತ್ತು ಪ್ರಿಂಟ್ ಎರಡನ್ನೂ ನೋಡಿ. ತಪ್ಪು ಎಲ್ಲಿದೆ ಅಂತ ಕೂಡಲೇ ಕಾಣುತ್ತದೆ.

ಆಮೇಲೆ ಇದ್ದಿಲು ಕೊಡವಿ, ಉಳಿದ ಗೆರೆಯನ್ನು ತೆಳು ಅಂಬರಲ್ಲಿ ತಿದ್ದಿ. ಈಗ ಕಪ್ಪುಬಿಳುಪು ಪ್ರಿಂಟ್ ಎದುರಿಗಿಡಿ. ಕಣ್ಣು ಅರ್ಧ ಮುಚ್ಚಿ ನೋಡಿ. ನೆರಳೆಲ್ಲ ಒಂದಾಗಿ ಕೂಡಿಕೊಳ್ಳುತ್ತದೆ: ಕೂದಲು, ಕಣ್ಣಿನ ಗುಳಿ, ಮೂಗಿನ ಕೆಳಗೆ, ಮೀಸೆ ಗಡ್ಡ, ಕುತ್ತಿಗೆ. ಅಷ್ಟನ್ನೂ ಅಂಬರಿನ ಒಂದೇ ಛಾಯೆಯಲ್ಲಿ ತುಂಬಿ, ಒಳಗೆ ವಿವರ ಬೇಡ. ಹಣೆ, ಮೂಗಿನ ಏಣು, ಕೆನ್ನೆಯ ಎಲುಬು, ಕಾಲರ್, ಇಲ್ಲೆಲ್ಲ ಬಟ್ಟೆಗೆ ಟರ್ಪೆಂಟೈನ್ ಸ್ವಲ್ಪ ಮುಟ್ಟಿಸಿ ಒರೆಸಿ ಬೆಳಕು ತೆಗೆಯಿರಿ. ಈ ಹಂತದಲ್ಲೇ ಅವನು ಪರೇಹಾ ಅಂತ ಗುರುತು ಸಿಗಬೇಕು. ಸಿಗದಿದ್ದರೆ ಬಣ್ಣ ಹಾಕಿ ಗುರುತು ಬರಿಸಲು ಆಗುವುದಿಲ್ಲ ಮಾರಾಯ್ರೆ, ಒರೆಸಿ ಇನ್ನೊಮ್ಮೆ ಮಾಡಿ. ಒರೆಸಲು ಆಗುವುದೇ ಈ ಮಾಧ್ಯಮದ ಸುಖ.

ಮುಖದ ಬಣ್ಣ

ಇಲ್ಲಿ ಆತುರ ಬೇಡ, ಇಡೀ ಪಾಠ ಇರುವುದೇ ಇಲ್ಲಿ. ಬ್ರಷ್ ಮುಟ್ಟುವ ಮೊದಲು ನೈಫಿನಲ್ಲಿ ನಾಲ್ಕು ಗುಡ್ಡೆ ಕಲಸಿ.

ಬೆಳಕಿಗೆ ಯೆಲ್ಲೋ ಓಕರ್, ಅದಕ್ಕೆ ಬಿಳಿ, ಒಂದು ಚೂರು ವರ್ಮಿಲಿಯನ್. ಮುಖದ ಸಹಜ ಬಣ್ಣಕ್ಕೆ ಓಕರ್ ಮತ್ತು ಬರ್ನ್ಟ್ ಸಿಯೆನ್ನಾ ಸಮಸಮ, ಬಿಳಿ ತೀರಾ ಕಡಿಮೆ. ನೆರಳಿಗೆ ಬರ್ನ್ಟ್ ಸಿಯೆನ್ನಾ, ರಾ ಅಂಬರ್, ತುಸು ಕಪ್ಪು. ನೆರಳಿಗೆ ಬಿಳಿ ಸೇರಿಸಬೇಡಿ, ಬಿಳಿ ಬಿದ್ದ ನೆರಳು ಸೀಮೆಸುಣ್ಣದ ಪುಡಿ ಮೆತ್ತಿದ ಹಾಗೆ ಕಾಣುತ್ತದೆ. ನಾಲ್ಕನೆಯದೇ ಮುಖ್ಯ, ಬೆಳಕು ನೆರಳಿಗೆ ತಿರುಗುವ ಜಾಗದ ಬಣ್ಣ. ಇದನ್ನು ಯಾವ ಸ್ಕಿನ್ ಕಲರ್ ಸೂತ್ರವೂ ಹೇಳುವುದಿಲ್ಲ. ಕಂದು ಮುಖದಲ್ಲಿ ಆ ತಿರುವು ಕಂದಲ್ಲ, ಬೂದುಹಸಿರು. ಐವರಿ ಬ್ಲ್ಯಾಕಿಗೆ ಓಕರ್ ಸೇರಿಸಿ ನೋಡಿ, ಹಸಿರು ಬರುತ್ತದೆ. ಅದಕ್ಕೆ ಸ್ವಲ್ಪ ಬಿಳಿ, ಮುಖದ ಸಹಜ ಬಣ್ಣವನ್ನೂ ಅಷ್ಟೇ ಸೇರಿಸಿ. ಗಾಜಿನ ಮೇಲೆ ಒಂಟಿಯಾಗಿ ನೋಡಿದರೆ ಇದು ಯಾರ ಮುಖಕ್ಕೂ ಆಗುವ ಬಣ್ಣ ಅನಿಸುವುದಿಲ್ಲ. ಕೆಂಪುಕಂದಿನ ಪಕ್ಕ ಇಟ್ಟ ಕೂಡಲೇ ಅದು ಚರ್ಮವಾಗುತ್ತದೆ, ಪಕ್ಕದ ಕಂದಿಗೂ ರಕ್ತ ಬರುತ್ತದೆ. ಕಪ್ಪಿಗೆ ಬರೀ ಬಿಳಿ ಸೇರಿಸಿದರೆ ನೀಲಿ ಛಾಯೆ, ಗಡ್ಡ ಬೋಳಿಸಿದ ಗಲ್ಲಕ್ಕೆ ಆಗುವಂಥದ್ದು. ಟ್ಯೂಬಿನ ನೀಲಿ ಹಸಿರು ಯಾಕೆ ಬೇಡ ಅಂದೆ ಅಂತ ಈಗ ಗೊತ್ತಾಯಿತಲ್ಲ.

ಬಣ್ಣ ಸರಿಯಾಯಿತಾ ಅಂತ ಊಹೆ ಮಾಡಬೇಡಿ. ಬಣ್ಣದ ಪ್ರಿಂಟಿನ ಮೇಲೆ ತೆಳು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ ಟೇಪ್ ಹಾಕಿ. ಕಲಸಿದ ಬಣ್ಣವನ್ನು ನೈಫಿನ ತುದಿಯಲ್ಲಿ ತೆಗೆದು ಅದೇ ಜಾಗಕ್ಕೆ ಮೆತ್ತಿ. ಗಾಢವಾ, ತಿಳಿಯಾ, ಕೆಂಪು ಜಾಸ್ತಿಯಾ, ಎದುರಿಗೇ ಕಾಣುತ್ತದೆ. ಮಾಯವಾಗುವ ಹಾಗೆ ಕೂತರೆ ಸರಿ. ಮೊದಲ ಸಲ ಎಲ್ಲರಿಗೂ ಆಶ್ಚರ್ಯ ಆಗುವುದು ಹಣೆಯಲ್ಲಿ. ಹಣೆಯ ಹೊಳಪು ಬಿಳಿ ಅಂತ ಕಣ್ಣು ಹೇಳುತ್ತದೆ. ಟ್ಯೂಬಿನ ಬಿಳಿ ಅಲ್ಲಿ ಇಟ್ಟು ನೋಡಿ, ಕಣ್ಣಿಗೆ ಚುಚ್ಚುತ್ತದೆ. ಆ ಹೊಳಪು ಕಾಲರಿಗಿಂತ ಎಷ್ಟೋ ಕೆಳಗಿನ ಛಾಯೆ. ಸುತ್ತಲಿನ ಚರ್ಮ ಗಾಢವಾಗಿರುವುದಕ್ಕೇ ಅದು ಹೊಳೆಯುವುದು. ಗಾಢ ಚರ್ಮದಲ್ಲಿ ಹೊಳಪು ಸಣ್ಣದು, ಚೂಪು. ಅದನ್ನು ಅಗಲಕ್ಕೆ ಹರಡಿ ಮುಖ 'ಬೆಳ್ಳಗೆ' ಮಾಡುವ ಅಭ್ಯಾಸ ನಮ್ಮ ಸ್ಟುಡಿಯೋ ಫೋಟೋದವರಿಂದ ನಮಗೂ ಅಂಟಿದೆ. ಅದನ್ನು ಬಿಡಲೇಬೇಕು. ಮುಖ ಎಷ್ಟು ಗಾಢವೋ ಅಷ್ಟೇ ಗಾಢವಾಗಿ ಬರೆಯಿರಿ. ಚಂದ ಅಲ್ಲೇ ಉಂಟು.

ಹಚ್ಚುವಾಗ ನೆರಳಿನಿಂದ ಶುರು ಮಾಡಿ, ತೆಳ್ಳಗೆ, ಅಡಿಯ ಅಂಬರ್ ಅಲ್ಲಲ್ಲಿ ಕಾಣಲಿ. ಆಮೇಲೆ ಸಹಜ ಬಣ್ಣ, ಆಮೇಲೆ ನಡುವೆ ಆ ಬೂದುಹಸಿರು. ಬೆಳಕು ಕೊನೆಗೆ, ದಪ್ಪಗೆ. ಒಂದು ಕಡೆ ಬ್ರಷ್ ಇಟ್ಟರೆ ತೆಗೆಯಿರಿ, ಉಜ್ಜುತ್ತಾ ಕೂರಬೇಡಿ. ಎರಡು ಬಣ್ಣ ಸೇರುವ ಜಾಗವನ್ನು ಬೆರಳಲ್ಲಿ ನೀವಿ ನಯ ಮಾಡುವ ಆಸೆ ಬರುತ್ತದೆ, ಅದರ ಬದಲು ನಡುವಿಗೆ ಇನ್ನೊಂದು ಛಾಯೆ ಕಲಸಿ ಇಡಿ. ಕಣ್ಣಿನ ಬಿಳಿ ಬಿಳಿಯಲ್ಲ, ಬೂದು. ತುಟಿ ಕೆಂಪಲ್ಲ, ಸಹಜ ಬಣ್ಣಕ್ಕೆ ಸ್ವಲ್ಪ ವರ್ಮಿಲಿಯನ್, ಅಷ್ಟೆ. ಮೂಗಿಗೆ ಗೆರೆ ಎಳೆಯಬೇಡಿ.

ಅಂಚು ಮತ್ತು ಕಾಲರ್, ಹಾಗೂ ಬಾವುಟಗುಡ್ಡೆಗೆ ಒಂದು ಭೇಟಿ

ಕೂದಲು ಹಿನ್ನೆಲೆಗೆ ಸೇರುವ ಅಂಚು ಗಟ್ಟಿಯಾಗಿದೆಯಾ, ಕರಗಿದೆಯಾ ಅಂತ ಪ್ರಿಂಟಿನಲ್ಲಿ ಒಂದೊಂದು ಇಂಚೂ ನೋಡಿ. ಎಲ್ಲಾ ಅಂಚನ್ನೂ ಒಂದೇ ಸಮ ಗಟ್ಟಿ ಮಾಡಿದರೆ ತಲೆ ಕತ್ತರಿಸಿ ಅಂಟಿಸಿದಂತೆ ಆಗುತ್ತದೆ. ಹಿನ್ನೆಲೆಯನ್ನು ಕೊನೆಗೆ ಬಿಡಬೇಡಿ, ಮುಖದ ಜೊತೆಜೊತೆಗೇ ಹಸಿಯಿರುವಾಗ ತನ್ನಿ. ಆಗ ಒಣ ಬ್ರಷನ್ನು ಅಂಚಿನ ಮೇಲೆ ಒಮ್ಮೆ ಹಗುರವಾಗಿ ಎಳೆದರೆ ಎರಡೂ ಬೆರೆಯುತ್ತವೆ.

ಲೇಸ್ ಕಾಲರನ್ನು ನೋಡಿ ಹೆದರುವವರು ಜಾಸ್ತಿ. ಸಣ್ಣ ಬ್ರಷ್ ಹಿಡಿದು ಒಂದೊಂದು ತೂತು ಬರೆಯಲು ಕೂರುತ್ತಾರೆ. ಟ್ಯಾಬಿನಲ್ಲಿ ಹಿಗ್ಗಿಸಿ ನೋಡಿ, ಅಲ್ಲಿ ಲೇಸೇ ಇಲ್ಲ. ಬೂದು ಬಣ್ಣದ ಒಂದು ಪದರ, ಅದರ ಮೇಲೆ ದಪ್ಪ ಬಿಳಿಯ ಮುಟ್ಟುಗಳು, ಒಂದಕ್ಕೊಂದು ಹೊಂದದ ಹಾಗೆ. ಹಿಂದೆ ಸರಿದ ಕೂಡಲೇ ಲೇಸ್. ನೀವೂ ಹಾಗೇ ಮಾಡಿ: ಕಪ್ಪು, ಬಿಳಿ, ಚೂರು ಅಂಬರ್ ಕಲಸಿದ ಬೂದನ್ನು ಇಡೀ ಕಾಲರಿಗೆ ಹಚ್ಚಿ, ಅದು ಸ್ವಲ್ಪ ಬಿಗಿದ ಮೇಲೆ ದಪ್ಪ ಬಿಳಿಯನ್ನು ಬ್ರಷ್ ತುದಿಯಲ್ಲಿ ತೆಗೆದು ಬೆಳಕು ಬೀಳುವ ಕಡೆ ಮಾತ್ರ ಇಡಿ. ತೋಳು ಚಾಚಿದಷ್ಟು ದೂರದಿಂದ ಬರೆಯಿರಿ, ಬ್ರಷನ್ನು ಪೆನ್ನಿನಂತೆ ಹಿಡಿಯದೆ ಹಿಂದಿನ ತುದಿಯಲ್ಲಿ ಹಿಡಿಯಿರಿ.

ದೂರದಿಂದ ಕಾಣುವುದು ಹತ್ತಿರದಲ್ಲಿ ಏನಾಗಿರುತ್ತದೆ ಅನ್ನುವುದನ್ನು ಪ್ರಿಂಟಿನಲ್ಲಿ ಪೂರ್ತಿ ಕಲಿಯಲು ಆಗುವುದಿಲ್ಲ. ಮಂಗಳೂರಿನಲ್ಲಿ ಇರುವವರು ಬಾವುಟಗುಡ್ಡೆಯ ಸೇಂಟ್ ಅಲೋಶಿಯಸ್ ಚಾಪೆಲ್‌ಗೆ ಹೋಗಿ ಬನ್ನಿ. ಜೆಸ್ವಿಟ್ ಅನ್ನುವ ಕ್ಯಾಥೊಲಿಕ್ ಸಂಘದ ಇಟಲಿಯ ಬ್ರದರ್ ಆಂಟೋನಿಯೊ ಮೊಸ್ಕೆನಿ 1899ರಲ್ಲಿ ಅಲ್ಲಿ ಚಿತ್ರ ಬರೆಯಲು ಶುರು ಮಾಡಿದರು. ಬರೋಕ್ ಅಂದರೆ ವೆಲಾಸ್ಕೆಸನ ಕಾಲದ ಯುರೋಪಿನ ಶೈಲಿ. ಈ ಚಿತ್ರಗಳು ಕಾಲದಲ್ಲಿ ಬರೋಕ್ ಅಲ್ಲ, ಆದರೆ ಗೋಡೆ, ಮಾಡಿನ ತುಂಬ ಚಿತ್ರ ಹರಡುವ ಆ ಪದ್ಧತಿ ಜೆಸ್ವಿಟರ ಬರೋಕ್ ಚರ್ಚುಗಳಿಂದಲೇ ಬಂದದ್ದು. ಅಲ್ಲಿ ಹಸಿ ಸುಣ್ಣದ ಗಾರೆ ಮೇಲೆ ಬರೆದ ಫ್ರೆಸ್ಕೊವೂ ಉಂಟು, ಕ್ಯಾನ್ವಾಸಿನ ಮೇಲಿನ ತೈಲಚಿತ್ರವೂ ಉಂಟು. ಸುಮ್ನೆ ತಲೆ ಎತ್ತಿ ನೋಡಿ ಬರಬೇಡಿ. ಬೆಳಕು ಯಾವ ಕಡೆಯಿಂದ ಬರುತ್ತಿದೆ ಅಂತ ಒಂದು ಚಿತ್ರದಲ್ಲಿ ಹುಡುಕಿ, ಬಟ್ಟೆಯ ಒಂದು ಮಡಿಕೆಯಲ್ಲಿ ಎಷ್ಟು ಛಾಯೆ ಉಂಟು ಎಣಿಸಿ, ಗೋಡೆಯ ಕೆಳಭಾಗದ ಒಂದು ಮುಖವನ್ನು ಹತ್ತಿರದಿಂದ ನೋಡಿ, ಹತ್ತು ಹೆಜ್ಜೆ ಹಿಂದೆ ಹೋಗಿ ಮತ್ತೆ ನೋಡಿ. ಪ್ರಾರ್ಥನೆಯ ಜಾಗ ಅನ್ನುವುದು ನೆನಪಿರಲಿ. ಮನೆಗೆ ಬಂದು ನಿಮ್ಮ ಹಲಗೆಯನ್ನು ಗೋಡೆಗೆ ಒರಗಿಸಿ ಅಷ್ಟೇ ದೂರದಿಂದ ನೋಡಿ.

ಎರಡನೇ ಪದರ, ಒಣಗುವುದು

ಮೊದಲ ಪದರಕ್ಕೆ ಎಣ್ಣೆ ಬೇಡ, ಬೇಕಾದರೆ ಟರ್ಪೆಂಟೈನ್ ಮಾತ್ರ. ಎರಡನೇ ಪದರಕ್ಕೆ ಲಿನ್ಸೀಡ್ ಮತ್ತು ಟರ್ಪೆಂಟೈನ್ ಸಮಸಮ ಬೆರೆಸಿ, ಬ್ರಷ್ ತುದಿಗೆ ಮುಟ್ಟಿಸಿದಷ್ಟು. ಮೇಲೆ ಹೋದಂತೆ ಎಣ್ಣೆ ಜಾಸ್ತಿ ಇರಬೇಕು, ಕೆಳಗೆ ಜಾಸ್ತಿ ಇರಬಾರದು. ಬಿಳಿ ಸೇರಿದ ಪದರ ಒಣಗಲು ಚಳಿಗಾಲದಲ್ಲೂ ವಾರ ಹತ್ತು ದಿನ ಬೇಕು. ಒಣಗಿದಾಗ ಅಂಬರ್ ಇದ್ದ ಕಡೆ ಮಂಕಾಗಿ ಹೊಳಪು ಹೋಗಿರುತ್ತದೆ, ಬಣ್ಣವೇ ಬದಲಾದ ಹಾಗೆ ಕಾಣುತ್ತದೆ. ಗಾಬರಿ ಬೇಡ. ಲಿನ್ಸೀಡ್ ಒಂದು ಹನಿ ಬಟ್ಟೆಗೆ ಹಾಕಿ ಅಲ್ಲಿ ಒರೆಸಿ, ಉಳಿದದ್ದನ್ನು ಒಣ ಬಟ್ಟೆಯಲ್ಲಿ ತೆಗೆಯಿರಿ, ಮೊದಲಿನ ಗಾಢ ಮರಳಿ ಬರುತ್ತದೆ. ಕೆನ್ನೆ ತಣ್ಣಗಾಯಿತು ಅನಿಸಿದರೆ ಬರ್ನ್ಟ್ ಸಿಯೆನ್ನಾವನ್ನು ಅದೇ ಎಣ್ಣೆಯಲ್ಲಿ ಪಾರದರ್ಶಕವಾಗುವಷ್ಟು ತೆಳ್ಳಗೆ ಮಾಡಿ ಮೇಲೆ ಎಳೆಯಿರಿ, ಬಟ್ಟೆಯಲ್ಲಿ ಮುಕ್ಕಾಲು ಪಾಲು ಒರೆಸಿಬಿಡಿ.

ಮುಗಿದ ಚಿತ್ರವನ್ನು ಮಳೆಗಾಲ ಅಂತ ಕಪಾಟಿನಲ್ಲಿ ಮುಚ್ಚಿಡಬೇಡಿ. ಕತ್ತಲಲ್ಲಿ ಲಿನ್ಸೀಡ್ ಹಳದಿಯಾಗುತ್ತದೆ, ಬೂಷ್ಟೂ ಹಿಡಿಯುತ್ತದೆ. ಗಾಳಿಯಾಡುವ ಕೋಣೆಯಲ್ಲಿ, ಹೊರಗೋಡೆಗೆ ತಾಗದ ಹಾಗೆ, ಹಗಲ ಬೆಳಕು ಬೀಳುವ ಕಡೆ ತೂಗುಹಾಕಿ. ನೇರ ಬಿಸಿಲು ಬೇಡ. ವಾರ್ನಿಶ್ ಆರು ತಿಂಗಳು ಕಳೆದ ಮೇಲೆ. ಹಲಗೆಯ ಬೆನ್ನಿಗೆ ವೆಲಾಸ್ಕೆಸ್ ಚಿತ್ರದ ನಕಲು ಅಂತ, ನಿಮ್ಮ ಹೆಸರು, ವರ್ಷ ಬರೆಯಿರಿ. ಎದುರಿಗೆ ಅವನ ಸಹಿ ಹಾಕಬಾರದು.

ಮುಂದಿನ ಮುಖ

ಒಂದು ನಕಲು ಮುಗಿದ ಮೇಲೆ ಕೂಡಲೇ ಇನ್ನೊಂದು ಬರೋಕ್ ಚಿತ್ರಕ್ಕೆ ಹೋಗಬೇಡಿ. ಅದೇ ಆರು ಬಣ್ಣ, ಅದೇ ಅಳತೆಯ ಹಲಗೆ ಇಟ್ಟುಕೊಂಡು ಮನೆಯವರನ್ನು ಕೂರಿಸಿ. ಹಗಲು ಹೊತ್ತು, ಟ್ಯೂಬ್‌ಲೈಟ್ ಆರಿಸಿ, ಒಂದೇ ಕಿಟಕಿ ತೆರೆದು ಉಳಿದದ್ದಕ್ಕೆಲ್ಲ ಪರದೆ ಹಾಕಿ. ಕುರ್ಚಿಯನ್ನು ಕಿಟಕಿಯಿಂದ ಐದಾರು ಅಡಿ ದೂರ, ಮುಖದ ಒಂದು ಬದಿಗೆ ಬೆಳಕು ಬೀಳುವ ಹಾಗೆ ಇಡಿ. ಕಿಟಕಿಯ ಕೆಳಗಿನ ಅರ್ಧಕ್ಕೆ ರಟ್ಟು ಕಟ್ಟಿದರೆ ಬೆಳಕು ಮೇಲಿನಿಂದ ಬರುತ್ತದೆ, ಕಣ್ಣಿನ ಗುಳಿ, ಮೂಗಿನ ಕೆಳಗೆ ನೆರಳು ಸರಿಯಾಗಿ ಬೀಳುತ್ತದೆ. ಹಿಂದೆ ಬೂದು ಬೆಡ್‌ಶೀಟ್, ಹೆಗಲಿಗೆ ಬಿಳಿ ಶಾಲೋ ಪಂಚೆಯೋ ಇರಲಿ, ಮುಖದ ಛಾಯೆ ಅಳೆಯಲು ಪಕ್ಕದಲ್ಲಿ ಬಿಳಿ ಬೇಕೇ ಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ಅವರನ್ನು ಎಬ್ಬಿಸಿ ನಡೆದಾಡಲು ಬಿಡಿ, ಕುರ್ಚಿಯ ಕಾಲು ಇದ್ದ ಜಾಗಕ್ಕೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿರಿ. ಪರೇಹಾನ ನಕಲನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಆ ಬೂದುಹಸಿರು ಇವರ ಮುಖದಲ್ಲಿ ಎಲ್ಲಿ ಉಂಟು ಅಂತ ಮೊದಲು ಹುಡುಕಿ, ದವಡೆಯ ತಿರುವಿನಲ್ಲೋ ಹಣೆಯ ಪಕ್ಕದಲ್ಲೋ ಸಿಕ್ಕೇ ಸಿಗುತ್ತದೆ. ಸಿಕ್ಕಿದ ಮೇಲೆ ನಾಲ್ಕು ಗುಡ್ಡೆ ಕಲಸಲು ಶುರು ಮಾಡಿ.